ಆ ಇಸವಿ ಯಾವಾಗ ತಪ್ಪಾಯಿತು?

ನಮ್ಮೂರ ಕೆರೆ ಏರಿ ಒಡೆದದ್ದು 1961ರಲ್ಲಿ. ಆಗ ನಾನಿನ್ನೂ ಹುಟ್ಟಿರಲಿಲ್ಲ. ಆದರೆ ಆ ರಾತ್ರಿಯ ಕತೆಯನ್ನು ಅಜ್ಜಿ ಎಷ್ಟು ಸಲ ಹೇಳಿದ್ದಳೆಂದರೆ ಇಸವಿ ಮರೆಯುವ ಹಾಗೇ ಇಲ್ಲ. ಹೋದ ಮಳೆಗಾಲದಲ್ಲಿ ಕನ್ನಡ ವಿಕಿಪೀಡಿಯದ ನಮ್ಮೂರ ಪುಟ ತೆರೆದರೆ ಅಲ್ಲಿ 1916 ಎಂದಿತ್ತು. ಅರ್ಧ ನಿಮಿಷದಲ್ಲಿ ತಿದ್ದಿದೆ. ಕುತೂಹಲ ಮಾತ್ರ ಬಿಡಲಿಲ್ಲ. ಈ ತಪ್ಪು ಹೊಕ್ಕಿದ್ದು ಯಾವಾಗ? ಇದರ ಜೊತೆಗೆ ಇನ್ನೇನೇನು ಹೊಕ್ಕಿದೆ?

ವಿಕಿಯಲ್ಲಿ ನೀವು ಒಂದು ಅಲ್ಪವಿರಾಮ ಬದಲಿಸಿದರೂ ಪುಟದ ಹೊಸ ಆವೃತ್ತಿ ದಾಖಲಾಗುತ್ತದೆ. ಹಳೆಯದು ಇದ್ದಲ್ಲೇ ಇರುತ್ತದೆ. ಪುಟದ ಇತಿಹಾಸ ತೆರೆದರೆ ಒಂದೊಂದು ತಿದ್ದುಪಡಿಗೆ ಒಂದೊಂದು ಸಾಲು: ದಿನಾಂಕ, ತಿದ್ದಿದವರ ಹೆಸರು, ಪುಟದ ಗಾತ್ರ, ಅವರೇನಾದರೂ ಬರೆದಿದ್ದರೆ ಒಂದು ಟಿಪ್ಪಣಿ. ನಮ್ಮದು ಸಣ್ಣ ಊರು. ಆದರೂ ಜಾತ್ರೆ, ಜನಸಂಖ್ಯೆ, ದೇವಸ್ಥಾನ ಕಟ್ಟಿಸಿದವರು ಯಾರು ಎಂದೆಲ್ಲ ಕಿತ್ತಾಡಿ 340 ಆವೃತ್ತಿಗಳಾಗಿದ್ದವು.

ಮೊದಲೆಲ್ಲ ಹುಡುಕುವುದೆಂದರೆ ಜಾತ್ರೆಯಲ್ಲಿ ಕಳೆದ ಚಪ್ಪಲಿ ಹುಡುಕಿದ ಹಾಗೆ. ಪಟ್ಟಿಯಲ್ಲಿ ಎರಡು ಸಾಲುಗಳ ಮುಂದಿನ ಬೊಟ್ಟು ಒತ್ತಿ ಹೋಲಿಸಬೇಕು. ಸಿಗಲಿಲ್ಲವೇ? ಮತ್ತೆ ಪಟ್ಟಿಗೆ ಬಂದು ಇನ್ನೆರಡು ಬೊಟ್ಟು. ಇಲ್ಲವಾದರೆ ಹಿಂದಿನದು, ಅದರ ಹಿಂದಿನದು ಎಂದು ಒಂದೊಂದೇ ಮೆಟ್ಟಿಲು ಇಳಿಯುತ್ತಾ ಹೋಗಬೇಕು.

ಜರ್ಮನ್ ಭಾಷೆಯ ವಿಕಿಪೀಡಿಯನ್ನರಿಗೂ ಇದೇ ಗೋಳು. ಅವರ ಕೋರಿಕೆಯ ಮೇಲೆ ವಿಕಿಮೀಡಿಯ ಜರ್ಮನಿಯ ತಂತ್ರಜ್ಞರು 'ರಿವಿಷನ್ ಸ್ಲೈಡರ್' ತಯಾರಿಸಿದರು. 2016ರಲ್ಲಿ ಪ್ರಯೋಗಕ್ಕೆ ಬಂತು. ಹೋಲಿಕೆಯ ಪುಟದ ಮೇಲ್ಗಡೆ ಅದನ್ನು ಬಿಚ್ಚಿದರೆ ಒಂದು ಅಡ್ಡಗೆರೆ, ಅದರ ಉದ್ದಕ್ಕೂ ಪುಟ್ಟ ಪಟ್ಟಿಗಳು. ಗೆರೆಯ ಮೇಲೆದ್ದ ಪಟ್ಟಿಯೆಂದರೆ ಬರಹ ಬೆಳೆದಿದೆ, ಕೆಳಕ್ಕಿಳಿದರೆ ಕುಗ್ಗಿದೆ. ಹಳದಿ ಗುಂಡಿ ಹಳೆಯ ಆವೃತ್ತಿಗೆ, ನೀಲಿ ಹೊಸದಕ್ಕೆ. ಎಳೆದು ಬೇಕಾದಲ್ಲಿ ಬಿಟ್ಟರೆ ಆಯಿತು, ಅಲ್ಲೇ ಹೋಲಿಕೆ ಬದಲಾಗುತ್ತದೆ. ಪಟ್ಟಿಯ ಮೇಲೆ ಮೌಸ್ ಇಟ್ಟರೆ ಯಾರು, ಯಾವತ್ತು ಎಂಬುದೂ ಕಾಣುತ್ತದೆ. ಯಾರೋ ಇಡೀ ಪರಿಚ್ಛೇದ ಹಾರಿಸಿದ್ದರೆ ಕಣ್ಣಿಗೆ ಹೊಡೆಯುತ್ತದೆ.

ಕನ್ನಡಿಗರು ಒಂದು ಮಾತು ನೆನಪಿಡಬೇಕು. ಈ ಪಟ್ಟಿಗಳು ತೋರಿಸುವ ಗಾತ್ರದ ಲೆಕ್ಕ ಇರುವುದು ಬೈಟುಗಳಲ್ಲಿ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್. 'ಕನ್ನಡ' ಎಂಬ ಪುಟ್ಟ ಪದಕ್ಕೇ ಹದಿನೈದು. 1961 ಎಂಬುದನ್ನು ೧೯೬೧ ಎಂದು ಬದಲಿಸಿದರೂ ಎಂಟು ಬೈಟ್ ಏರುತ್ತದೆ, ಹೊಸ ಮಾಹಿತಿ ಸೊನ್ನೆ.

ನಾನು ಮುಗ್ಗರಿಸಿದ್ದೂ ಈ ಲೆಕ್ಕದಲ್ಲೇ. 1961 ತಿರುಚಿ 1916 ಮಾಡಿದರೆ ಗಾತ್ರದಲ್ಲಿ ವ್ಯತ್ಯಾಸವೇ ಇಲ್ಲ. ಕಣ್ಣಿಗೆ ಬೀಳುವ ಪಟ್ಟಿ ಏಳುವುದಿಲ್ಲ. ಅತಿ ಸಣ್ಣದಾಗಿ ಕಾಣುವ ತಿದ್ದುಪಡಿಯೇ ಅತಿ ಕೆಟ್ಟದ್ದೂ ಆಗಿರಬಹುದು. ಕೊನೆಗೆ ನಿಘಂಟು ತೆರೆಯುವ ಉಪಾಯ ಹಿಡಿದೆ. ನಟ್ಟನಡುವಿನ ಆವೃತ್ತಿಗೆ ಹೋದೆ: ಇಸವಿ ಸರಿಯಿದೆ. ಹಾಗಾದರೆ ತಪ್ಪು ಅದಕ್ಕಿಂತ ಈಚೆಗಿನದು. ಉಳಿದರ್ಧದ ನಡುವಿಗೆ ಹೋದೆ: ತಪ್ಪಿದೆ. ಪ್ರತಿ ಸಲ ಅರ್ಧರ್ಧ ಬಿಟ್ಟುಕೊಂಡು ಬಂದರೆ 340ಕ್ಕೂ ಒಂಬತ್ತು ಹೆಜ್ಜೆ ಸಾಕು. 'ವಿಕಿಬ್ಲೇಮ್' ಎಂಬ ಸಲಕರಣೆ ಇದೇ ಕೆಲಸವನ್ನು ತಾನೇ ಮಾಡಿಕೊಡುತ್ತದೆ. ಆದರೆ ತಪ್ಪು ನಡುವೆ ಅಳಿದು ಮತ್ತೆ ಸೇರಿದ್ದರೆ ಯಂತ್ರವೂ ಎಡವೀತು, ನಾವೂ ಎಡವಿಯೇವು.

ಒಂಬತ್ತನೆಯ ಹೆಜ್ಜೆಗೆ ಸಿಕ್ಕಿತು. ರಾತ್ರಿ ಹನ್ನೊಂದೂವರೆಗೆ ಮಾಡಿದ ತಿದ್ದುಪಡಿ. ಹೆಸರು ನನ್ನದೇ! ಟಿಪ್ಪಣಿಯ ಜಾಗ ಖಾಲಿ. ಆ ಹೊತ್ತಿನಲ್ಲಿ ಏನು ತಿದ್ದಲು ಹೊರಟಿದ್ದೆನೋ, ಇವತ್ತಿಗೂ ನೆನಪಾಗುತ್ತಿಲ್ಲ.

ನೀವೂ ವಿಕಿ ತಿದ್ದುವವರಾದರೆ, ಪ್ರಕಟಿಸುವ ಮುನ್ನ ಟಿಪ್ಪಣಿಯ ಆ ಪುಟ್ಟ ಖಾನೆಯಲ್ಲಿ ನಾಲ್ಕು ಪದ ಬರೆಯಿರಿ.