ಕರೆಂಟು ಹೆಚ್ಚಿದಷ್ಟೂ ಬದುಕು ಹಸನೇ?

ತಪ್ಪು ಕಲ್ಪನೆ: ತಲಾ ವಿದ್ಯುತ್ ಬಳಕೆ ಏರಿದಷ್ಟೂ ಜನರ ಬದುಕು ಸುಧಾರಿಸುತ್ತದೆ.

ಸತ್ಯ: ಈ ಮಾತು ಒಂದು ಹಂತದವರೆಗಷ್ಟೇ ನಿಜ. ಕತ್ತಲ ಮನೆಗೆ ಮೊದಲ ದೀಪ, ಆರೋಗ್ಯ ಕೇಂದ್ರಕ್ಕೆ ಲಸಿಕೆ ಇಡುವ ಫ್ರಿಜ್, ಊರಿಗೆ ನೀರೆತ್ತುವ ಪಂಪು ಬಂದಾಗ ಕೆಲವೇ ಯೂನಿಟ್‌ಗಳು ಜೀವ ಉಳಿಸುತ್ತವೆ. ಆಮೇಲೆ ಪ್ರತಿ ಯೂನಿಟ್‌ನಿಂದ ಸಿಗುವ ಲಾಭ ಇಳಿಯುತ್ತ ಹೋಗುತ್ತದೆ. ಅಮೆರಿಕದಲ್ಲಿ ತಲೆಗೆ ವರ್ಷಕ್ಕೆ ಸುಮಾರು 12,000 ಯೂನಿಟ್ ಖರ್ಚಾದರೆ, ಕೋಸ್ಟರಿಕಾದಲ್ಲಿ ಹೆಚ್ಚುಕಡಿಮೆ ಅದರ ಐದನೇ ಒಂದು ಪಾಲು. ಆದರೂ ಅಲ್ಲಿನವರ ಸರಾಸರಿ ಆಯಸ್ಸು ಅಮೆರಿಕದವರಿಗಿಂತ ಕಡಿಮೆಯೇನಿಲ್ಲ. ಭಾರತದಲ್ಲೇ ನೋಡಿ: ಗುಜರಾತಿನ ತಲಾ ಬಳಕೆ ಕೇರಳದ ಎರಡು ಪಟ್ಟನ್ನೂ ಮೀರಿದೆ. ಆದರೆ 2020ರಲ್ಲಿ ಸಾವಿರ ಜನನಗಳಿಗೆ ಶಿಶುಮರಣ ಗುಜರಾತಿನಲ್ಲಿ 23, ಕೇರಳದಲ್ಲಿ 6. ಕೇರಳದಲ್ಲಿ ಭಾರಿ ಕೈಗಾರಿಕೆ ಕಡಿಮೆ, ಗಲ್ಫ್ ಹಣ ಬರುತ್ತದೆ, ಅಲ್ಲಿ ಬಳಸುವ ಸರಕೆಷ್ಟೋ ಬೇರೆ ರಾಜ್ಯಗಳ ವಿದ್ಯುತ್ತಿನಲ್ಲಿ ತಯಾರಾಗಿದ್ದು ಎಂದು ಯಾರಾದರೂ ಆಕ್ಷೇಪಿಸಿದರೆ ಅದು ಸರಿಯೇ. ಹಾಗಾಗಿ ಕೇರಳದ ಯೂನಿಟ್ ಲೆಕ್ಕವನ್ನೇ ಗುರಿಯಾಗಿ ಇಟ್ಟುಕೊಳ್ಳಲಾಗದು. ಆದರೆ ಕಾರ್ಖಾನೆಯ ಮೀಟರು ಓಡಿದ ಮಾತ್ರಕ್ಕೆ ಕೂಸು ಉಳಿಯುವುದಿಲ್ಲ, ತಾಯಂದಿರ ಓದು ಮತ್ತು ಹತ್ತಿರದ ಆಸ್ಪತ್ರೆಯೂ ಬೇಕು ಎಂಬುದನ್ನು ಈ ಹೋಲಿಕೆ ತೋರಿಸುತ್ತದೆ.

ತಪ್ಪು ಕಲ್ಪನೆ: ಹಾಗಾದರೆ ಬಡವರು ಈಗಿರುವ ಸ್ಥಿತಿಯಲ್ಲೇ ತೃಪ್ತಿಪಡಬೇಕು, ಬೆಳವಣಿಗೆ ಬೇಕಿಲ್ಲ.

ಸತ್ಯ: ಬೆಳವಣಿಗೆ ಬೇಕೇ ಬೇಕು, ಶಾಲೆ, ಆಸ್ಪತ್ರೆ ನಡೆಸುವ ತೆರಿಗೆ ಬರುವುದು ಅಲ್ಲಿಂದಲೇ. ಆದರೆ ಜನರಿಗೆ ಬೇಕಿರುವುದು ಬೆಂದ ಅನ್ನ, ಬೆಳಕು, ನೀರು. ಇಂಧನ ಅವುಗಳಿಗೆ ದಾರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ರೆಡ್ಡಿ ಮತ್ತು ಸಹವಿಜ್ಞಾನಿಗಳು 1985ರಲ್ಲಿ ಇದನ್ನೇ ಲೆಕ್ಕ ಹಾಕಿದರು: ದಕ್ಷ ಸಾಧನಗಳಿದ್ದರೆ ತಲಾ ಸರಾಸರಿ ಸುಮಾರು ಒಂದು ಕಿಲೋವ್ಯಾಟ್ ದರದ ಇಂಧನ ಬಳಕೆಯಲ್ಲಿ 1970ರ ದಶಕದ ಪಶ್ಚಿಮ ಯುರೋಪಿನ ಮಟ್ಟದ ಬದುಕು ಸಾಧ್ಯ. ಹಳೆಯ ಸೌದೆ ಒಲೆಯ ಶಾಖದಲ್ಲಿ ಹತ್ತಕ್ಕೆ ಒಂದೆರಡು ಪಾಲಷ್ಟೇ ಪಾತ್ರೆಗೆ ತಲುಪುತ್ತದೆ. ಗ್ಯಾಸ್ ಒಲೆಯಲ್ಲಿ ಅರ್ಧಕ್ಕಿಂತ ಹೆಚ್ಚು. ಒಲೆ ಬದಲಾದ ಮನೆಯಲ್ಲಿ ಒಟ್ಟು ಇಂಧನ ಬಳಕೆ ಇಳಿಯುತ್ತದೆ, ಹೊಗೆ ಕುಡಿಯುತ್ತಿದ್ದ ಹೆಂಗಸರ ಆರೋಗ್ಯ ಸುಧಾರಿಸುತ್ತದೆ. ಹೀಗೆ ಉಳಿಸಿದ್ದು ಉಳ್ಳವರ ಎಸಿಗೆ ಹೋದೀತು ಎಂಬ ಆತಂಕ ಸುಳ್ಳಲ್ಲ. ದಕ್ಷತೆ ತಾನಾಗಿಯೇ ನ್ಯಾಯ ಹಂಚುವುದಿಲ್ಲ. ಆದ್ದರಿಂದಲೇ ಸರ್ಕಾರಗಳು ಹೊಸ ಸ್ಥಾವರದ ಮೆಗಾವ್ಯಾಟ್ ಸಾರುವಾಗ, ಎಷ್ಟು ಹೆರಿಗೆ ಕೋಣೆಗಳಿಗೆ ರಾತ್ರಿಯಿಡೀ ಕರೆಂಟು ಸಿಕ್ಕಿತು ಎಂಬ ಲೆಕ್ಕವನ್ನೂ ಒಪ್ಪಿಸಬೇಕು.