ಮೈಸೂರು ಮತ್ತು ವಂಡಲೂರು: ಎರಡು ಮೃಗಾಲಯಗಳು

ಮೃಗಾಲಯವನ್ನು ನೋಡಿ ಬಂದವರನ್ನು ಹೇಗಿತ್ತೆಂದು ಕೇಳಿದರೆ ದೊರೆಯುವ ಉತ್ತರ ಸಾಮಾನ್ಯವಾಗಿ ಎರಡೇ ಬಗೆಯದು: ಹುಲಿ ಕಂಡಿತು, ಇಲ್ಲವೆ ಹುಲಿ ಕಾಣಲಿಲ್ಲ. ಈ ಅಳತೆಗೋಲನ್ನು ಹಿಡಿದರೆ ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯಕ್ಕೆ ಚೆನ್ನೈ ಬಳಿಯ ವಂಡಲೂರಿನ ಅರಿಞರ್ ಅಣ್ಣಾ ಮೃಗಾಲಯವು ಸಾಟಿಯಾಗಲಾರದು. ಆದರೆ ಅಳತೆಗೋಲೇ ಸರಿಯಿಲ್ಲವೆಂದು ನನ್ನ ಎಣಿಕೆ. ನೋಡುವವನಿಗೆ ಲಾಭವಾದದ್ದು ನೋಡಿಸಿಕೊಳ್ಳುವ ಪ್ರಾಣಿಗೆ ಎಷ್ಟೋ ವೇಳೆ ನಷ್ಟವೇ ಸರಿ.

ಎರಡರ ಹುಟ್ಟಿನಲ್ಲಿಯೇ ಈ ಭೇದವಿದೆ. ಮೈಸೂರಿನದು 1892ರಲ್ಲಿ ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ, ಹನ್ನೊಂದು ಎಕರೆಗೂ ಕಡಮೆಯಾದ ಜಾಗದಲ್ಲಿ, ಅರಮನೆಯ ಮೃಗಾಲಯವಾಗಿ ಆರಂಭವಾದುದು. ಉದ್ಯಾನವನ್ನು ರೂಪಿಸುವಂತೆ ಅದನ್ನು ರೂಪಿಸಿದರು; ಇಂದಿಗೂ ಅದರ ಸೊಗಸು ಉದ್ಯಾನದ ಸೊಗಸೇ. ಮದರಾಸಿನ ಮೃಗಾಲಯವು ಇನ್ನೂ ಹಳೆಯದು. ಎಡ್ವರ್ಡ್ ಬಾಲ್ಫರ್ ಎಂಬ ವೈದ್ಯ ವಿದ್ವಾಂಸರು 1855ರಲ್ಲಿ ಅಲ್ಲಿನ ವಸ್ತುಸಂಗ್ರಹಾಲಯದ ಆವರಣದಲ್ಲಿ ಅದನ್ನು ತೊಡಗಿಸಿದರು. ಬಳಿಕ ಅದು ಪೀಪಲ್ಸ್ ಪಾರ್ಕಿಗೆ ಹೋಯಿತು; ನಗರವು ನಾಲ್ಕೂ ಕಡೆಯಿಂದ ಒತ್ತಿಕೊಂಡು ಬಂದಾಗ ಅಲ್ಲಿಂದಲೂ ಎದ್ದು 1985ರಲ್ಲಿ ವಂಡಲೂರಿನ ಕಾಡನ್ನು ಸೇರಿತು. ಒಂದು ಇದ್ದಲ್ಲಿಯೇ ಬೆಳೆಯಿತು, ಇನ್ನೊಂದು ಊರು ಬಿಟ್ಟಿತು.

ಕಾರಂಜಿ ಕೆರೆಯನ್ನೂ ಸೇರಿಸಿ ಲೆಕ್ಕ ಹಾಕಿದರೆ ಮೈಸೂರಿನದು ಸುಮಾರು 157 ಎಕರೆ. ವಂಡಲೂರಿನದು 602 ಹೆಕ್ಟೇರು, ಅಂದರೆ ಅದರ ಒಂಬತ್ತು ಪಟ್ಟಿಗೂ ಮಿಗಿಲು. ಕಂಬಿಯ ಬದಲು ಕಂದಕವನ್ನು ತೋಡಿ ಪ್ರಾಣಿಗಳನ್ನು ಬಯಲಲ್ಲಿ ಬಿಡುವ ಪದ್ಧತಿಯನ್ನು ಜರ್ಮನಿಯ ಕಾರ್ಲ್ ಹಾಗೆನ್‌ಬೆಕ್ 1907ರಲ್ಲಿ ಹ್ಯಾಂಬರ್ಗಿನ ಬಳಿ ತನ್ನ ಮೃಗವನದಲ್ಲಿ ಮೆರೆಸಿದನಷ್ಟೆ. ನಮ್ಮ ಈ ಎರಡು ಮೃಗಾಲಯಗಳೂ ಆ ದಾರಿಯನ್ನೇ ಹಿಡಿದಿವೆ. ಆದರೆ ಮೈಸೂರಿನಲ್ಲಿ ಕಂದಕದಾಚೆಯ ಬಯಲು ಒಂದು ರಂಗಸ್ಥಳದಂತಿದೆ. ಪಾತ್ರಧಾರಿಗೆ ಮರೆಯಾಗಲು ಸ್ಥಳ ಕಡಮೆ. ವಂಡಲೂರಿನಲ್ಲಿ ಗಿಡಗಂಟಿಗಳು ಬೆಳೆದು, ಹುಲಿಯು ಬೇಡವೆಂದರೆ ನಮಗೆ ಕಾಣಿಸಿಕೊಳ್ಳದೆ ಇರಬಲ್ಲದು.

ಇಷ್ಟು ಹೇಳಿ ವಂಡಲೂರಿಗೆ ಜಯಮಾಲೆ ಹಾಕಿಬಿಡುವಂತಿಲ್ಲ. ಅಲ್ಲಿ ನಡೆಯುವುದೇ ನಡೆಯುವುದು. ಮದರಾಸಿನ ಬಿಸಿಲನ್ನು ಕಂಡವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಆವರಣದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಮಕ್ಕಳ ಕುತೂಹಲ ಬತ್ತಿ ಬಾಯಾರಿಕೆಯೊಂದೇ ಉಳಿದಿರುತ್ತದೆ. ಮೈಸೂರಿನ ನೆರಳು ದಾರಿಗಳಲ್ಲಿ ಮುದುಕರೂ ಎಳೆಯರೂ ಒಂದೇ ಸಮನೆ ನಡೆದು ಜಿರಾಫೆಯನ್ನೂ ಘೇಂಡಾಮೃಗವನ್ನೂ ಗೊರಿಲ್ಲವನ್ನೂ ನೋಡಿ ಮುಗಿಸಬಹುದು. ಹಳ್ಳಿಯ ಶಾಲೆಯಿಂದ ದಸರೆಗೆ ಬಂದ ಹುಡುಗನು ಆನೆಯ ಪಕ್ಕದಲ್ಲಿ ಘೇಂಡಾಮೃಗದ ಗಾತ್ರವನ್ನು ತಾನೇ ತೂಗಿ ನೋಡುವುದು ಸಣ್ಣ ಶಿಕ್ಷಣವಲ್ಲ. ಉಪಾಧ್ಯಾಯನಾಗಿ ನಾನು ಇದನ್ನು ತಳ್ಳಿಹಾಕಲಾರೆ.

ಆದರೂ ಗೊರಿಲ್ಲದ ಮಾತು ಬಂದಾಗ ಮನಸ್ಸು ಹಿಂಜರಿಯುತ್ತದೆ. 1995ರಲ್ಲಿ ಡಬ್ಲಿನ್ನಿನಿಂದ ಬಂದ ಪೋಲೋ ಎಂಬ ಗೊರಿಲ್ಲವು ಮೈಸೂರಿನಲ್ಲಿ ಎಷ್ಟೋ ವರ್ಷ ಸಂಗಾತಿಯಿಲ್ಲದೆ ಕಳೆದು 2014ರಲ್ಲಿ ತೀರಿಕೊಂಡಿತು. ಗುಂಪಿನಲ್ಲಿ ಬಾಳುವ ಜೀವ ಅದು. ಅದಕ್ಕೆ ಊಟವಿತ್ತು, ಆರೈಕೆಯಿತ್ತು, ನೋಡುವ ಜನವಂತೂ ಬೇಕಾದಷ್ಟಿತ್ತು. ಇಲ್ಲದಿದ್ದುದು ಇನ್ನೊಂದು ಗೊರಿಲ್ಲ. 2021ರಲ್ಲಿ ಜರ್ಮನಿಯಿಂದ ಬಂದವು ಎರಡು. ಎರಡೂ ಗಂಡು, ಸಂತಾನದ ಮಾತು ಅಲ್ಲಿಗೆ ನಿಂತರೂ ಪರಸ್ಪರ ಜೊತೆಯಾದರೂ ಉಂಟು. ವಿಸ್ತಾರವನ್ನು ಎಕರೆಗಳಲ್ಲಿ ಮಾತ್ರ ಎಣಿಸುವ ನಮ್ಮಂಥವರು ಇದನ್ನು ಮರೆಯುತ್ತೇವೆ.

ವಿಪತ್ತುಗಳೂ ಎರಡನ್ನೂ ಬಿಟ್ಟಿಲ್ಲ. 2016ರ ಡಿಸೆಂಬರಿನಲ್ಲಿ ವರ್ದಾ ಚಂಡಮಾರುತವು ವಂಡಲೂರಿನ ಮರಗಳನ್ನು ಕೆಡವಿತು. ಮರುತಿಂಗಳೇ ಹಕ್ಕಿಜ್ವರವು ಮೈಸೂರಿನ ಬಾಗಿಲನ್ನು ಮುಚ್ಚಿಸಿತು. 2021ರ ಜೂನಿನಲ್ಲಿ ವಂಡಲೂರಿನ ಸಿಂಹಗಳಿಗೆ ಕೊರೋನಾ ತಗುಲಿ ಕೆಲವು ಸತ್ತವು. ಅಷ್ಟು ವಿಶಾಲವಾದ ಕಾಡೂ ಅವನ್ನು ಕಾಯಲಿಲ್ಲ.

ಮೈಸೂರು ತನ್ನ ಕೊರತೆಯನ್ನು ಅರಿಯದೆ ಕುಳಿತಿಲ್ಲ. ಊರ ಹೊರಗೆ ಕೂರ್ಗಳ್ಳಿಯಲ್ಲಿ ನೂರು ಎಕರೆಗೂ ಹೆಚ್ಚಿನ ನೆಲದಲ್ಲಿ ಅದು ಕಾಡುಪ್ರಾಣಿಗಳಿಗೆ ಒಂದು ಆಶ್ರಯವನ್ನು ಮಾಡಿಕೊಂಡಿದೆ. ಮೃಗಾಲಯಕ್ಕೆ ಬಂದ ಜನದಲ್ಲಿ ಹೆಚ್ಚಿನವರಿಗೆ ಅದರ ಹೆಸರೂ ಗೊತ್ತಿರಲಾರದು. ಪ್ರದರ್ಶನಕ್ಕಲ್ಲದ, ಆಶ್ರಯಕ್ಕಾಗಿಯೇ ಇರುವ ಆ ನೆಲಕ್ಕೆ ನಾನು ವಂಡಲೂರಿನ ಪೊದೆಗಳ ಸಾಲಿನಲ್ಲಿಯೇ ಸ್ಥಾನ ಕೊಡುತ್ತೇನೆ.