ಟಿ. ರೆಕ್ಸ್‌ಗೆ 136 ಎಲ್ಲಿಂದ ಬಂತು?

ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟದಲ್ಲಿ ಪ್ರಾಣಿಯೆಂದರೆ ಅರ್ಧ ಪುಟದ ಅಂಕಿಪಟ್ಟಿ. ಮೇಜಿನ ಸುತ್ತ ಕುಳಿತ ನಾಲ್ಕೈದು ಜನ ಯೋಧ, ಮಾಂತ್ರಿಕ, ಕಳ್ಳ ಹೀಗೆ ಒಂದೊಂದು ಪಾತ್ರ ಹಿಡಿಯುತ್ತಾರೆ. ಕಥೆಯನ್ನೂ ಎದುರಾಗುವ ಜೀವಿಗಳನ್ನೂ ನಡೆಸುವವರು ಡಂಜನ್ ಮಾಸ್ಟರ್. ಕತ್ತಿ ತಗುಲಿತೋ ಇಲ್ಲವೋ ಎಂಬುದು 20 ಮುಖದ ದಾಳ ಉರುಳಿದ ಮೇಲಷ್ಟೇ ಗೊತ್ತು. ತಗುಲಲು ದಾಳದಲ್ಲಿ ಎಷ್ಟು ಬೀಳಬೇಕೆಂಬುದು ಆರ್ಮರ್ ಕ್ಲಾಸ್. ಪ್ರಾಣಿ ಎಷ್ಟು ಪೆಟ್ಟು ತಾಳುತ್ತದೆಂಬುದು ಹಿಟ್ ಪಾಯಿಂಟ್. ಇವುಗಳ ಜತೆಗೆ ವೇಗ, ಬಲ, ಕಚ್ಚಿದರೆ ಆಗುವ ಹಾನಿ. ಕಾಡುಹಂದಿಗೆ ಇಷ್ಟನ್ನು ಬರೆಯುವುದು ಸುಲಭ. 6.6 ಕೋಟಿ ವರ್ಷಗಳ ಹಿಂದೆ ಅಳಿದ ಪ್ರಾಣಿಗೆ ಬರೆಯುವಾಗ ಒಂದು ಕಣ್ಣು ಪಳೆಯುಳಿಕೆಯ ಮೇಲೆ, ಇನ್ನೊಂದು ಆಟದ ಮೇಲೆ ಇರಬೇಕು.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಅಮೆರಿಕದಲ್ಲಿ ಪ್ರಕಟವಾದದ್ದು 1974ರಲ್ಲಿ. 1977ರ ‘ಮಾನ್‌ಸ್ಟರ್ ಮ್ಯಾನ್ಯುಯಲ್’ನಲ್ಲೇ ಡೈನೊಸಾರ್‌ಗಳ ಉದ್ದನೆಯ ಪಟ್ಟಿಯಿತ್ತು. ಆದರೆ ಈ ಆಟದ ಅತಿ ಹೆಸರಾದ ವಿಚಿತ್ರ ಜೀವಿಗಳಲ್ಲಿ ಕೆಲವು ಬಂದದ್ದು ಆಟಿಕೆಯ ಪೊಟ್ಟಣದಿಂದ. ಇತಿಹಾಸಪೂರ್ವ ಪ್ರಾಣಿಗಳೆಂಬ ಹೆಸರಲ್ಲಿ ಅಗ್ಗಕ್ಕೆ ಸಿಗುತ್ತಿದ್ದ, ಹಾಂಗ್‌ಕಾಂಗ್‌ನಲ್ಲಿ ತಯಾರಾದ ಆ ಪ್ಲಾಸ್ಟಿಕ್ ಗೊಂಬೆಗಳು ಯಾವ ಪಳೆಯುಳಿಕೆಯನ್ನೂ ಹೋಲುತ್ತಿರಲಿಲ್ಲ. ಗೂಬೆ ತಲೆಯ ಕರಡಿ ಔಲ್‌ಬೇರ್, ನೆಲ ಸೀಳಿ ಬರುವ ಬುಲೆಟ್, ಕಬ್ಬಿಣ ತಿನ್ನುವ ರಸ್ಟ್ ಮಾನ್‌ಸ್ಟರ್ ಹುಟ್ಟಿದ್ದು ಅವುಗಳಿಂದ. ಮೂರರಲ್ಲಿ ಕೊನೆಯದೇ ಜಾಣ ರಚನೆ. 2014ರ ಐದನೇ ಆವೃತ್ತಿಯ ಲೆಕ್ಕದಲ್ಲಿ ಅದಕ್ಕಿದ್ದದ್ದು ಬರೀ 27 ಹಿಟ್ ಪಾಯಿಂಟ್. ಆದರೂ ಅದರ ಮೀಸೆ ಕವಚಕ್ಕೆ ಸೋಕಿದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ಡ್ರ್ಯಾಗನ್‌ಗೆ ಹೆದರದ ಆಟಗಾರರು ಇದನ್ನು ಕಂಡರೆ ಕತ್ತಿ ಬಚ್ಚಿಟ್ಟುಕೊಂಡು ಓಡುತ್ತಾರೆ.

ನಿಜವಾಗಿ ಬದುಕಿದ್ದ ಪ್ರಾಣಿಗೆ ಹಿಟ್ ಪಾಯಿಂಟ್ ಲೆಕ್ಕ ಆರಂಭವಾಗುವುದು ಗಾತ್ರದಿಂದ. 2014ರ ಐದನೇ ಆವೃತ್ತಿಯಲ್ಲಿ ಮನುಷ್ಯ ಗಾತ್ರಕ್ಕೆ 8 ಮುಖದ ದಾಳ, ಟಿರಾನೊಸಾರಸ್ ರೆಕ್ಸ್‌ನಂಥ ದೈತ್ಯಕ್ಕೆ 12 ಮುಖದ್ದು. ಟಿ. ರೆಕ್ಸ್‌ಗೆ ಅಂಥ 13 ದಾಳಗಳು. ಒಂದರ ಸರಾಸರಿ ಆರೂವರೆ, ಒಟ್ಟು 84.5. ದೇಹದಾರ್ಢ್ಯ 19 ಇರುವುದರಿಂದ ದಾಳಕ್ಕೆ ನಾಲ್ಕರಂತೆ 52 ಸೇರಿ 136.5, ಅರ್ಧ ಬಿಟ್ಟರೆ 136. ಹಾಗಾದರೆ 13 ದಾಳವೇ ಏಕೆ? ಅದಕ್ಕೆ ಸೂತ್ರವಿಲ್ಲ. ಎಷ್ಟು ಹೊತ್ತು ಕಾದಾಟ ನಡೆಯಬೇಕೆಂದು ಮೊದಲು ನಿರ್ಧರಿಸಿ, ಅಲ್ಲಿಂದ ಹಿಂದಕ್ಕೆ ಬಂದು ದಾಳ ಎಣಿಸುವುದು ರಚನೆಕಾರರ ರೂಢಿ. ಹಾಗಾಗಿಯೇ ಟಿ. ರೆಕ್ಸ್‌ಗಿಂತ ಎಷ್ಟೋ ಹೆಚ್ಚು ತೂಗುವ ಬ್ರಾಂಟೊಸಾರಸ್‌ಗೆ 121, ಆನೆಗೆ 76. ಹತ್ತನೇ ಹಂತ ತಲುಪಿದ ಗಟ್ಟಿಮುಟ್ಟು ಯೋಧನಿಗೆ ಆನೆಗಿಂತ ಹೆಚ್ಚು ಹಿಟ್ ಪಾಯಿಂಟ್ ಇರುವುದು ಮಾಮೂಲು. ಮೈಯ ಮಾಂಸವನ್ನು ತಕ್ಕಡಿಗೆ ಹಾಕಿ ಬರೆದ ಅಂಕಿ ಇದಲ್ಲ.

ವೇಗದಲ್ಲಿ ಮಾತ್ರ ಆಟವೂ ವಿಜ್ಞಾನವೂ ಅಚ್ಚರಿಯಾಗುವಷ್ಟು ಹತ್ತಿರ ಬಂದಿವೆ. ಟಿ. ರೆಕ್ಸ್ ಆರು ಸೆಕೆಂಡಿನ ಒಂದು ಸುತ್ತಿಗೆ 50 ಅಡಿ ನಡೆಯುತ್ತದೆ. ದಾಳಿ ಬಿಟ್ಟು ಓಡಿದರೆ 100 ಅಡಿ, ಅಂದರೆ ಗಂಟೆಗೆ ಸುಮಾರು 18 ಕಿ.ಮೀ. ಸಿನಿಮಾದಲ್ಲಿ ಜೀಪಿನ ಬೆನ್ನು ಹತ್ತಿದ ಪ್ರಾಣಿಗೆ ಇದು ಅವಮಾನವೇ. ಆದರೆ ಕಾಲಿನ ಸ್ನಾಯು, ಮೂಳೆಗಳ ಲೆಕ್ಕ ಹಾಕಿದ 2002ರ ನಂತರದ ಅಧ್ಯಯನಗಳು ಅದು ವೇಗದ ಓಟಗಾರನಲ್ಲ ಎಂದೇ ಹೇಳುತ್ತವೆ. ಆಟದಲ್ಲಿ ಕಾಲ್ನಡಿಗೆಯವರು ಅದರಿಂದ ಪಾರಾಗಲಾರರು, ಸುತ್ತಿಗೆ 60 ಅಡಿ ವೇಗದ ಕುದುರೆ ಏರಿದವರು ಪಾರಾಗುತ್ತಾರೆ.

ಎಲ್ಲ ಅಂಕಿಗಳನ್ನೂ ಕೂಡಿಸಿ ಕೊಡುವ ಒಂದೇ ಅಂಕಿ ಚಾಲೆಂಜ್ ರೇಟಿಂಗ್: ಯಾವ ಹಂತದ ನಾಲ್ವರಿಗೆ ಈ ಪ್ರಾಣಿ ತಕ್ಕ ಎದುರಾಳಿ ಎಂಬುದರ ಅಂದಾಜು. ಟಿ. ರೆಕ್ಸ್‌ಗೆ ಅಚ್ಚಾಗಿರುವುದು 8. ಅದೇ ಪ್ರಕಾಶಕರ ಕೋಷ್ಟಕ ಹಿಡಿದು ಲೆಕ್ಕ ಹಾಕಿದರೆ ಬೇರೆಯೇ ಉತ್ತರ. 136 ಹಿಟ್ ಪಾಯಿಂಟ್‌ಗೆ 5, ಆರ್ಮರ್ ಕ್ಲಾಸ್ 13 ಮಾತ್ರ ಇರುವುದರಿಂದ ಒಂದು ಕಳೆದು 4. ಕಚ್ಚಿದರೆ ಸರಾಸರಿ 33, ಬಾಲದ ಏಟಿಗೆ 20, ಒಟ್ಟು 53ಕ್ಕೆ 8; ಗುರಿ ತಪ್ಪುವುದು ಕಡಿಮೆಯಾದ್ದರಿಂದ ಒಂದು ಕೂಡಿ 9. ಎರಡರ ಸರಾಸರಿ ಆರೂವರೆ. ಸೂತ್ರ ಒಂದು ಹೇಳಿದರೆ ಅಚ್ಚಾದ ಪುಟ ಇನ್ನೊಂದು ಹೇಳುತ್ತದೆ.

ವೆಲೊಸಿರ‍್ಯಾಪ್ಟರ್‌ನದು ಬೇರೆ ಕಥೆ. 1993ರ ‘ಜುರಾಸಿಕ್ ಪಾರ್ಕ್’ ಅದನ್ನು ಆಳೆತ್ತರಕ್ಕೆ ಬೆಳೆಸಿತು. ನಿಜಕ್ಕೂ ಅದು ಟರ್ಕಿ ಕೋಳಿಯ ಗಾತ್ರದ್ದು. ಮುಂಗೈ ಮೂಳೆಯ ಮೇಲೆ ಗರಿ ಅಂಟಿದ್ದ ಗುಬುಟುಗಳನ್ನು ವಿಜ್ಞಾನಿಗಳು 2007ರಲ್ಲಿ ವರದಿ ಮಾಡಿದರು. 2016ರಲ್ಲಿ ಬಂದ ಆಟದ ಪುಸ್ತಕ ಅದಕ್ಕೆ ಅತಿ ಚಿಕ್ಕ ಗಾತ್ರವನ್ನೂ 10 ಹಿಟ್ ಪಾಯಿಂಟ್‌ಗಳನ್ನೂ ಕೊಟ್ಟಿತು. ಪಕ್ಕದಲ್ಲಿ ಜತೆಗಾರನಿದ್ದರೆ ದಾಳ ಎರಡು ಸಲ ಉರುಳಿಸಿ ಹೆಚ್ಚಿನದನ್ನು ಇಟ್ಟುಕೊಳ್ಳುವ ಗುಂಪುಬೇಟೆಯ ನಿಯಮವನ್ನು ಮಾತ್ರ ಕೈಬಿಡಲಿಲ್ಲ. ಗುಂಪುಬೇಟೆಗೆ ಪಳೆಯುಳಿಕೆಯ ಸಾಕ್ಷ್ಯ ಇನ್ನೂ ವಿವಾದದಲ್ಲಿದೆ. ಆಟದಲ್ಲಿ ಆ ನಿಯಮ ತೆಗೆದರೆ ಉಳಿಯುವುದು ಸಿಟ್ಟಿನ ಕೋಳಿ.

ಹೊಸ ಪ್ರಾಣಿಗೆ ಪಟ್ಟಿ ಬರೆಯುವ ಬಗೆಗೆ ‘ವಾಸುಕಿ ಇಂಡಿಕಸ್’ ಒಳ್ಳೆಯ ಉದಾಹರಣೆ. ಕಛ್‌ನ ಪಾನಂಧ್ರೊ ಲಿಗ್ನೈಟ್ ಗಣಿಯಲ್ಲಿ ಸಿಕ್ಕ 27 ಬೆನ್ನೆಲುಬುಗಳ ಆಧಾರದ ಮೇಲೆ ಐಐಟಿ ರೂರ್ಕಿಯ ಸಂಶೋಧಕರು 2024ರಲ್ಲಿ ಹೆಸರಿಟ್ಟ ಹಾವಿದು. ಕಾಲ ಸುಮಾರು 4.7 ಕೋಟಿ ವರ್ಷಗಳ ಹಿಂದೆ. ಉದ್ದದ ಅಂದಾಜು 11ರಿಂದ 15 ಮೀಟರ್. ಸ್ವಭಾವ, ಅನಕೊಂಡದಂತೆ ನಿಧಾನವಾಗಿ ಹೊಂಚು ಹಾಕುವುದು. ಪುಸ್ತಕದಲ್ಲಿರುವ ದೈತ್ಯ ಹೆಬ್ಬಾವಿಗೆ 8 ದಾಳ, 60 ಹಿಟ್ ಪಾಯಿಂಟ್. ಅದನ್ನೇ ಅಚ್ಚು ಮಾಡಿಕೊಂಡು 11 ದಾಳ, ತಲಾ ಮೂರು ಸೇರಿಸಿದರೆ 104. ವೇಗವನ್ನು 30 ಅಡಿಯಿಂದ 20ಕ್ಕೆ ಇಳಿಸಬೇಕು, ಅಡಗುವ ಕೌಶಲ ಏರಿಸಬೇಕು. ಕಚ್ಚುವ ಹಾನಿ ಇದ್ದಷ್ಟೇ ಇರಲಿ. ಸುತ್ತಿ ಹಿಸುಕುವುದು ಮಾತ್ರ ಸರದಿಯಿಂದ ಸರದಿಗೆ ಬಿಗಿಯಾಗಬೇಕು. ಐದಡಿ ಚೌಕದ ನಕ್ಷೆಯಲ್ಲಿ ಈ ಹಾವನ್ನು ನೀಟಾಗಿ ಚಾಚಿದರೆ ಹತ್ತು ಮನೆ ಬೇಕು. ನಿಯಮ ಕೊಡುವುದು ಮೂರು ಮನೆ ಅಗಲ, ಮೂರು ಮನೆ ಉದ್ದ. ಹೊಂಚು ಹಾಕುವ ಹಾವು ಸುರುಳಿ ಸುತ್ತಿಯೇ ಇರುವುದರಿಂದ ಅಷ್ಟು ಸಾಕು.

ಬಹಳ ಮಂದಿ ಬರೆಯಲು ಮರೆಯುವುದು ಪ್ರಾಣಿ ಯಾವಾಗ ಓಡಿಹೋಗುತ್ತದೆ ಎಂಬುದನ್ನು. 1981ರ ಬೇಸಿಕ್ ಆವೃತ್ತಿ ಪ್ರತಿ ಜೀವಿಗೂ 2ರಿಂದ 12ರವರೆಗೆ ಮನೋಬಲದ ಅಂಕಿ ಕೊಟ್ಟಿತ್ತು. ಎರಡು ಸಾಧಾರಣ ದಾಳಗಳ ಮೊತ್ತ ಅದನ್ನು ಮೀರಿದರೆ ಜೀವಿ ಹಿಮ್ಮೆಟ್ಟುತ್ತಿತ್ತು. ಐದನೇ ಆವೃತ್ತಿಯಲ್ಲಿ ಮನೋಬಲ ಬೇಕಿದ್ದರೆ ಬಳಸಬಹುದಾದ ನಿಯಮ, ಅಷ್ಟೆ. ಹಾಗಾಗಿ ಬುದ್ಧಿಯ ಅಂಕ 2 ಇರುವ ಟಿ. ರೆಕ್ಸ್ ಕೂಡ ಎಷ್ಟೋ ಮೇಜುಗಳಲ್ಲಿ ಕೋಟೆ ಕಾಯುವ ಸೈನಿಕನಂತೆ ಕೊನೆಯುಸಿರಿನವರೆಗೆ ಹೋರಾಡುತ್ತದೆ. ಬೇಟೆಗಾರ ಪ್ರಾಣಿಗೆ ಬೇಕಾದದ್ದು ಊಟ. ವಾಸುಕಿಯ ಪಟ್ಟಿಯಲ್ಲಿ ಅದಕ್ಕೊಂದು ಸಾಲು ಸಾಕು: 52 ಅಂಕ ಕಳೆದುಕೊಂಡರೆ ಹಾವು ಹಿಡಿತ ಸಡಿಲಿಸಿ ಜೌಗಿಗೆ ಇಳಿಯುತ್ತದೆ, ಹಿಡಿದದ್ದು ಆಗಲೇ ಸತ್ತಿದ್ದರೆ ಅದನ್ನೂ ಎಳೆದುಕೊಂಡು.